ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ಬೆಣೆ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೆ ಸುಲಭವಾಗಿ ತಿಳಿಯುತ್ತದೆ. ಮನೆಗೆ ಬೀಗ ಹಾಕಿ ಹುನಗುಂದದ ಬಸ್ ನಿಲ್ದಾಣದವರೆಗೆ ನಡೆದು, ಬೀಗವನ್ನು ಜಗ್ಗಿ ನೋಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ತಿರುಗಿ ಮನೆಗೆ ಹೋದವನು ನಾನು. ಒಂದು ಸಲವಲ್ಲ, ಹಲವು ಸಲ. ಇಳಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬರು, "ಬೀಗಾ ಜಗ್ಗಿ ನೋಡಿ ಬಂದೀರಿಲ್ರಿ? ಹಂಗಾದ್ರ ಟಿಕೆಟ್ ಹರೀತೇನಿ" ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ಕಂಪ್ಯೂಟರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಗ ಆಗಾಗ ನನ್ನ ಮನೆಗೆ ಬಂದು, "ಸರ, ನಮಗೇನಾರ ಹೇಳ್ರಿ" ಎನ್ನುತ್ತಾರೆ. ಬಡ್ತಿಯ ಮಾತು ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಅಂಜಿಕೆಯ ಮಾತು ಬೇಕಾದಷ್ಟಿದೆ.

ನಾನು ಕೆಲಸ ಕಲಿತದ್ದು ಬಾಗಲಕೋಟೆಯ ಒಂದು ದುರಸ್ತಿ ಅಂಗಡಿಯಲ್ಲಿ. ಅದರ ಮಾಲೀಕರು ದೇಸಾಯರು. ಒಳ್ಳೆಯವರು, ಹಬ್ಬಕ್ಕೆ ಅಂಗಿ ಕೊಡಿಸುತ್ತಿದ್ದರು. ಆದರೆ ಅವರಿಗೆ ಗೊತ್ತಿದ್ದ ಮದ್ದು ಎರಡೇ. ಮೊದಲನೆಯದು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುವುದು. ಅದಕ್ಕೆ ಬಗ್ಗದಿದ್ದರೆ ಡಿಸ್ಕನ್ನು ಪೂರ್ತಿ ಒರೆಸಿ ಎಲ್ಲವನ್ನೂ ಹೊಸದಾಗಿ ಹಾಕುವುದು, ಅಂದರೆ ಫಾರ್ಮ್ಯಾಟ್. ಯಾಕೆ ಕೆಟ್ಟಿತು ಎಂದು ನಾನು ಕೇಳಿದರೆ, "ಕೆಟ್ಟೇತಿ ಅಂತನ ನಮ್ಮ ಕಡೆ ಬಂದೈತಿ. ಯಾಕ ಅಂತ ಕೇಳಿದ್ರ ಅದೇನ್ ಬಾಯಿ ಬಿಡತೈತೇನು?" ಎನ್ನುತ್ತಿದ್ದರು.

ಒಮ್ಮೆ ಬಾದಾಮಿಯ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ನಿಂತುಹೋಯಿತು. ದೇಸಾಯರು ಫೋನಿನಲ್ಲೇ, "ಫಾರ್ಮ್ಯಾಟ್ ಹೊಡದು ಬಂದುಬಿಡು" ಎಂದರು. ಸ್ಟುಡಿಯೋದವರೂ ಅದರಲ್ಲಿ ಬೇಕಾದದ್ದು ಏನೂ ಇಲ್ಲವೆಂದರು. ನನ್ನ ಕೈ ಮಾತ್ರ ಮುಂದೆ ಹೋಗಲಿಲ್ಲ. ಎಲ್ಲವನ್ನೂ ಬೇರೆ ಡಿಸ್ಕಿಗೆ ಎತ್ತಿಟ್ಟುಕೊಂಡು ಆಮೇಲೆ ಒರೆಸಿದೆ. ಮರುದಿನ ಸ್ಟುಡಿಯೋದವರು ಬೆವರುತ್ತ ಓಡಿಬಂದರು. ಯಾರದೋ ಮದುವೆಯ ಅಷ್ಟೂ ಫೋಟೋಗಳು ಅದರಲ್ಲೇ ಇದ್ದವು, ಇನ್ನೆಲ್ಲೂ ಇರಲಿಲ್ಲ. ದೇಸಾಯರು ನನ್ನ ಬೆನ್ನು ತಟ್ಟಿ, "ನಿನ್ನ ಅಂಜಿಕಿನೂ ಒಮ್ಮೊಮ್ಮೆ ಉಪಯೋಗಕ್ಕ ಬರತೈತಿ ಬಿಡಲೇ" ಎಂದರು. ನನಗೆ ಖುಷಿಯಾಯಿತು ನಿಜ. ಆದರೆ ಆ ಕಂಪ್ಯೂಟರ್ ಯಾಕೆ ನಿಂತಿತ್ತು ಎಂಬುದು ನನಗೆ ಆ ದಿನವೂ ಗೊತ್ತಾಗಲಿಲ್ಲ, ಈ ದಿನಕ್ಕೂ ಗೊತ್ತಿಲ್ಲ. ಹೀಗೆ ಎಷ್ಟೋ ವರ್ಷ, ಒಳಗೆ ಏನಿದೆ ಎಂದು ತಿಳಿಯದೆಯೇ ಊರೂರಿನ ಕಂಪ್ಯೂಟರುಗಳನ್ನು ಗುಣಪಡಿಸಿದೆ. ಗುಣವಾದದ್ದು ಮತ್ತೆ ಕೆಟ್ಟೀತು ಎಂಬ ಭಯ ಇದ್ದೇ ಇರುತ್ತಿತ್ತು.

ವಯಸ್ಸು ಐವತ್ತರ ಆಚೆ ದಾಟಿದ ಮೇಲೆ ಇಳಕಲ್ಲಿನ ಹೊರಗಿನ ಒಂದು ಗ್ರಾನೈಟ್ ಕಾರ್ಖಾನೆಗೆ ಸೇರಿದೆ. ಮಾಲೀಕರು ಈರಣ್ಣ ಸಾಹುಕಾರರು. ಕಚೇರಿಯ ನಾಲ್ಕಾರು ಕಂಪ್ಯೂಟರುಗಳ ಜೊತೆಗೆ, ಕಲ್ಲು ಕೊಯ್ಯುವ ದೊಡ್ಡ ಯಂತ್ರಕ್ಕೆ ಕಟ್ಟಿದ ಕಂಪ್ಯೂಟರೂ ನನ್ನ ಪಾಲಿಗೆ ಬಂತು. ಆ ಯಂತ್ರದಲ್ಲಿ ಆಳೆತ್ತರದ ದುಂಡನೆಯ ಬ್ಲೇಡು ಒಂದು ಗಾಡಿಯ ಮೇಲೆ ಕೂತಿರುತ್ತದೆ. ಗಾಡಿ ಕಂಬಿಯ ಮೇಲೆ ಹಿಂದೆ ಮುಂದೆ ಓಡಾಡುತ್ತ, ಪ್ರತಿ ಸಲವೂ ಬ್ಲೇಡನ್ನು ತುಸು ತುಸುವೇ ಕೆಳಗಿಳಿಸುತ್ತ, ಕೆಂಪು ಕಲ್ಲನ್ನು ಹಲಗೆಗಳಾಗಿ ಸೀಳುತ್ತದೆ. ಗಾಡಿ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಕಂಪ್ಯೂಟರ್.

ಆ ಯಂತ್ರ ನಡೆಸುತ್ತಿದ್ದವನು ಬೀರಪ್ಪ. ಹುನಗುಂದದ ಕಡೆಯವನೇ, ನನಗಿಂತ ಚಿಕ್ಕವನು, ಮಾತು ಕಡಿಮೆ. ಅವನು ಕೆಲಸ ಮಾಡುವುದನ್ನು ಮೊದಲ ದಿನ ನೋಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಲ್ಲು ಸೀಳುತ್ತ ಹೋದಂತೆ ಹಲಗೆಗಳು ಒಂದರ ಮೇಲೊಂದು ವಾಲಿ ಬ್ಲೇಡನ್ನು ಹಿಡಿದುಕೊಳ್ಳಬಾರದೆಂದು, ಸೀಳಿನ ತುದಿಯಲ್ಲಿ ಕಟ್ಟಿಗೆಯ ಬೆಣೆ ಹಾಕಬೇಕು. ನಿಯಮದ ಪ್ರಕಾರ ಬ್ಲೇಡು ಪೂರ್ತಿ ನಿಂತ ಮೇಲೆ ಹಾಕಬೇಕು. ಬ್ಲೇಡು ನಿಲ್ಲಲು, ಮತ್ತೆ ವೇಗ ಹಿಡಿಯಲು ಬಹಳ ಹೊತ್ತು ಬೇಕು. ಹಾಗಾಗಿ ಯಾರೂ ನಿಲ್ಲಿಸುತ್ತಿರಲಿಲ್ಲ. ಬೀರಪ್ಪ ಎಡಗೈಯಿಂದ ಗುಂಡಿ ಒತ್ತುತ್ತಿದ್ದ, ಗಾಡಿ ಇದ್ದಲ್ಲೇ ನಿಲ್ಲುತ್ತಿತ್ತು, ಬ್ಲೇಡು ತಿರುಗುತ್ತಲೇ ಇರುತ್ತಿತ್ತು. ಗುಂಡಿ ಒತ್ತಿದ ಕ್ಷಣವೇ ಅವನ ಬಲಗೈ ಬೆಣೆ ಹಿಡಿದು ಬ್ಲೇಡಿನ ಮುಂದಿನ ಸೀಳಿಗೆ ಹೋಗುತ್ತಿತ್ತು. ಆಮೇಲೆ ಎಡಗೈ ಕೊಡತಿ, ಅಂದರೆ ಕಟ್ಟಿಗೆಯ ಸುತ್ತಿಗೆ, ಎತ್ತಿಕೊಂಡು ಬೆಣೆಯನ್ನು ಬಡಿದು ಕೂರಿಸುತ್ತಿತ್ತು. ಅವನು ನೋಡುತ್ತಿದ್ದುದು ಕಲ್ಲನ್ನು, ಗಾಡಿಯನ್ನಲ್ಲ. ಗಾಡಿ ನಿಂತೇ ನಿಲ್ಲುತ್ತದೆ ಎಂಬುದು ಅವನ ಕೈಗೆ ಎಷ್ಟೋ ವರ್ಷಗಳಿಂದ ರೂಢಿಯಾಗಿತ್ತು.

"ಒಂದೀಟು ತಡದು ಹಾಕಬಾರದೇನೋ ಬೀರಪ್ಪಾ?" ಎಂದೆ.

"ತಡದ್ರ ಕೈ ಅಂಜತೈತ್ರಿ ಸರ. ಅಂಜಿದ ಕೈಲೆ ಬೆಣಿ ನೆಟ್ಟಗ ಕೂಡಂಗಿಲ್ಲ."

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಯಂತ್ರ ಬಂದಾಗ ಅದಕ್ಕೆ ಇನ್ನೊಂದು ಕೆಂಪು ಗುಂಡಿ ಇತ್ತು. ಅದು ಕಂಪ್ಯೂಟರನ್ನು ಕೇಳದೆ ಗಾಡಿಯ ಕರೆಂಟನ್ನೇ ನೇರವಾಗಿ ಕಡಿಯುವಂಥದ್ದು. ನಮ್ಮ ವೋಲ್ಟೇಜು ಏರಿಳಿದಾಗಲೆಲ್ಲ ಆ ಗುಂಡಿಯ ಪೆಟ್ಟಿಗೆ ತಾನಾಗಿಯೇ ಕರೆಂಟು ಕಡಿದು, ಬ್ಲೇಡು ಕಲ್ಲಿನಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ. ರೋಸಿಹೋಗಿ ಯಾರೋ ಅದರ ವೈರು ಬಿಚ್ಚಿ ಟೇಪು ಸುತ್ತಿಟ್ಟಿದ್ದರು. ಅಂದರೆ ಬೀರಪ್ಪನ ಬಲಗೈಗೂ ಬ್ಲೇಡಿಗೂ ನಡುವೆ ಇದ್ದದ್ದು ನನ್ನ ಕಂಪ್ಯೂಟರ್ ಒಂದೇ.

ಒಂದು ಮಳೆಗಾಲ ಸಿಡಿಲು ಹೊಡೆದು ಆ ಕಂಪ್ಯೂಟರಿನ ಬೋರ್ಡು ಸುಟ್ಟಿತು. ಹೊಸ ಬೋರ್ಡು ತಂದರೆ ಹಳೆಯ ಸಿಸ್ಟಮ್ ಅದರ ಮೇಲೆ ಏಳಲೊಲ್ಲದು. ಈಗಿನ ಸಿದ್ಧ ಸಿಸ್ಟಮ್ ಹಾಕಿದರೆ ಯಂತ್ರ ನಡೆಸುವ ಪ್ರೋಗ್ರಾಂ ಅದರ ಮೇಲೆ ನಿಲ್ಲಲೊಲ್ಲದು. ಯಂತ್ರ ಮಾರಿದ ಪರದೇಶದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತು. ಅವರು ಬಿಟ್ಟುಹೋಗಿದ್ದ ಒಂದು ಸಿ.ಡಿ.ಯಲ್ಲಿ ಆ ಪ್ರೋಗ್ರಾಮಿನ ಮೂಲ ಬರಹ ಇತ್ತು, ಅದೊಂದೇ ಪುಣ್ಯ. ಉಳಿದ ದಾರಿ ಒಂದೇ. ಆ ಪ್ರೋಗ್ರಾಮಿಗೆ ಹೊಂದುವ ಲಿನಕ್ಸ್ ಸಿಸ್ಟಮ್ಮನ್ನು ಮೂಲ ಬರಹದಿಂದ ನಾವೇ ಕಟ್ಟಬೇಕು. ಸಾಹುಕಾರರು, "ನಿಮಗ ಬರತೈತೇನ್ರಿ?" ಎಂದು ಕೇಳಿದರು. ಬರುವುದಿಲ್ಲ ಎನ್ನಲೂ ಅಂಜಿಕೆಯಾಗಿ, ನೋಡುತ್ತೇನೆ ಎಂದುಬಿಟ್ಟೆ.

ಇಂಟರ್‌ನೆಟ್ಟಿನಲ್ಲಿ ಇದಕ್ಕೆಂದೇ ಪುಕ್ಕಟೆ ಕೈಪಿಡಿ ಸಿಗುತ್ತದೆ. ಪರದೆಯ ಮೇಲೆ ಓದಿದ್ದು ನನ್ನ ತಲೆಗೆ ಹತ್ತುವುದಿಲ್ಲ. ಹುನಗುಂದದ ಝೆರಾಕ್ಸ್ ಅಂಗಡಿಯಲ್ಲಿ ಅದನ್ನೆಲ್ಲ ಮುದ್ರಿಸಿ ರಟ್ಟು ಕಟ್ಟಿಸಿದೆ. ಅಂಗಡಿಯವನು ಅದನ್ನು ಕೈಯಲ್ಲಿ ತೂಗಿ ನೋಡಿ, "ಈ ವಯಸ್ಸಿನ್ಯಾಗ ಪಿಎಚ್.ಡಿ. ಮಾಡಾಕತ್ತೀರೇನ್ರಿ? ಮ್ಯಾಲ ಬಂಗಾರದ ಅಕ್ಷರದಾಗ ಹೆಸರು ಹಾಕ್ಲ್ಯಾ?" ಎಂದ.

ಹೆಸರು ಬೇಡವೆಂದೆ. ಕಲಿತದ್ದೇನೋ ಪಿಎಚ್.ಡಿ.ಯಷ್ಟೇ ಆಯಿತು. ಆಪರೇಟಿಂಗ್ ಸಿಸ್ಟಮ್ ಎಂದರೆ ಏನು ಎಂದು ನನಗೆ ಮೊದಲ ಬಾರಿ ತಿಳಿದದ್ದು ಆಗಲೇ. ಒಳಗೆ ಹತ್ತಾರು ಪ್ರೋಗ್ರಾಮುಗಳಿರುತ್ತವೆ. ಪ್ರೊಸೆಸರಿನಲ್ಲಿ ಈಗ ಯಾರ ಪಾಳಿ, ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಡಿಸ್ಕನ್ನು ಯಾರು ಮುಟ್ಟಬಹುದು, ಎಲ್ಲದಕ್ಕೂ ಅವು ಒಬ್ಬನ ಅಪ್ಪಣೆ ಕೇಳಬೇಕು. ಆ ಒಬ್ಬನನ್ನೇ ಈಗ ನಾನು ತಯಾರಿಸಬೇಕಿತ್ತು. ಮೂಲ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲರ್ ಬೇಕು. ಆ ಕಂಪೈಲರನ್ನು ತಯಾರಿಸಲೂ ಒಂದು ಕಂಪೈಲರೇ ಬೇಕು. ಮನೆಯಲ್ಲಿ ಮೊಸರು ಮಾಡಲು ಪಕ್ಕದ ಮನೆಯ ಮೊಸರನ್ನೇ ಹೆಪ್ಪಿಗೆ ತರುತ್ತೇವಲ್ಲ, ಹಾಗೆ. ಮೊದಲು ಕಚೇರಿಯ ಒಂದು ಕಂಪ್ಯೂಟರಿನಿಂದ ಹೆಪ್ಪು ಪಡೆಯಬೇಕು, ಆಮೇಲೆ ಅದರ ಋಣ ಪೂರ್ತಿ ಹರಿದುಕೊಳ್ಳಬೇಕು. ಎಲ್ಲೋ ಒಂದು ಎಳೆ ಹಳೆಯದಕ್ಕೆ ಅಂಟಿಕೊಂಡು ಉಳಿದರೆ ಹೊಸದು ಸ್ವಂತ ಕಾಲ ಮೇಲೆ ಏಳುವುದಿಲ್ಲ.

ಇಲ್ಲಿ ಒಂದು ಫಜೀತಿ ಆಯಿತು. ಹೊಸ ಸಾಮಾನೆಲ್ಲ ಎಲ್ಲಿಗೆ ಹೋಗಬೇಕು ಎಂಬ ವಿಳಾಸವನ್ನು, ಪರದೆಯ ಮೇಲೆ ಆಜ್ಞೆ ಬರೆಯುವ ಕಿಟಕಿ ತೆರೆದ ಕೂಡಲೇ ಕಂಪ್ಯೂಟರಿಗೆ ಹೇಳಿಡಬೇಕು. ಕಿಟಕಿ ಮುಚ್ಚಿದರೆ ಅದು ಮರೆಯುತ್ತದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು, ಇನ್ವರ್ಟರೂ ಕೈಕೊಟ್ಟಿತು. ಕರೆಂಟು ಬಂದ ಮೇಲೆ ಹೊಸ ಕಿಟಕಿ ತೆರೆದು, ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಮುಂದುವರಿಸಿದೆ. ವಿಳಾಸ ಖಾಲಿಯಾಗಿತ್ತು. ಅರೆಬೆಂದ ಹೊಸ ಸಾಮಾನೆಲ್ಲ ಕಚೇರಿಯ ಕಂಪ್ಯೂಟರಿನ ಸ್ವಂತ ಮನೆಯೊಳಗೆ ನುಗ್ಗಿ ಕೂತಿತು. ಆಮೇಲೆ ಯಾವ ಆಜ್ಞೆ ಕೊಟ್ಟರೂ ಸಿಗುತ್ತಿಲ್ಲ ಎಂಬ ಒಂದೇ ಉತ್ತರ. ನಿಲ್ಲು ಎಂದರೆ ನಿಲ್ಲಲು ಕೂಡ ಅದಕ್ಕೆ ಬರದಾಯಿತು. ಮೊದಲಿನಿಂದ ಎಲ್ಲ ಮತ್ತೆ ಮಾಡಬೇಕಾಯಿತು. ಅಲ್ಲಿಂದ ಮುಂದೆ ಪ್ರತಿ ಆಜ್ಞೆಗೂ ಮೊದಲು ವಿಳಾಸ ಇದೆಯೇ ಎಂದು ಕಂಪ್ಯೂಟರನ್ನು ಕೇಳಿ, ಉತ್ತರವನ್ನು ಬಾಯಿಬಿಟ್ಟು ಓದುತ್ತಿದ್ದೆ. ನಾನು ಜಪ ಮಾಡಲು ಶುರು ಮಾಡಿದ್ದೇನೆ ಎಂದು ಪಾಲಿಶ್ ವಿಭಾಗದಲ್ಲಿ ಸುದ್ದಿಯಾಯಿತು. ನೀವೂ ಈ ಜಪ ಮಾಡಿ, ನಗುವವರು ನಗಲಿ.

ಕೊನೆಗೊಂದು ಬೆಳಿಗ್ಗೆ ನನ್ನ ಸಿಸ್ಟಮ್ ತನ್ನಷ್ಟಕ್ಕೆ ತಾನು ಎದ್ದಿತು. ಕಪ್ಪು ಪರದೆಯ ಮೇಲೆ ಒಂದು ಗೆರೆ ಮಿಣುಕುತ್ತ ನಿಂತಿತು, ಅಷ್ಟೇ. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಒಳಗೆ ಏನಿದೆ ಎಂದು ಗೊತ್ತಿದ್ದ ಮೊದಲ ಕಂಪ್ಯೂಟರ್ ಅದು. ಹೆಂಡತಿಗೆ ಫೋನ್ ಮಾಡಿದೆ. ಅವಳು, "ಛಲೋ ಆತು. ಇನ್ನರ ರಾತ್ರಿ ನಿದ್ದಿ ಮಾಡ್ತೀರಿಲ್ಲ?" ಎಂದಳು.

ನಿದ್ದೆ ಎಲ್ಲಿಯದು. ಕಟ್ಟಿದವನು ನಾನೇ ಎಂದಮೇಲೆ ಅದು ಎಡವಿದರೆ ಬೇರೆ ಯಾರನ್ನೂ ತೋರಿಸುವಂತಿರಲಿಲ್ಲ. ಗಾಡಿಯ ಮೋಟರಿಗೆ ಹೋಗುವ ವೈರು ಬಿಚ್ಚಿ, ಅಲ್ಲಿ ಒಂದು ದೀಪ ಕಟ್ಟಿದೆ. ದೀಪ ಉರಿದರೆ ಗಾಡಿ ಓಡಿದಂತೆ, ಆರಿದರೆ ನಿಂತಂತೆ. ಗುಂಡಿ ಒತ್ತಿದೊಡನೆ ಆರಬೇಕು. ಆರಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒತ್ತಿದೆ. ಎಲ್ಲರೂ ಚಹಾಕ್ಕೆ ಹೋದಾಗಲೂ ಒತ್ತುತ್ತ ಕೂತೆ, ಊಟದ ಹೊತ್ತಿನಲ್ಲಿ ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ರೊಟ್ಟಿ ತಿಂದೆ. ಪ್ರತಿ ಸಲವೂ ದೀಪ ತಟ್ಟನೆ ಆರಿತು. ದಿನಗಟ್ಟಲೆ ಹೀಗೇ ನಡೆಯಿತು. ಹೆಬ್ಬೆರಳಿಗೆ ಆಣಿ ಎದ್ದಿತು.

ಸಾಹುಕಾರರು ಬಂದು ನನ್ನ ಪಕ್ಕದಲ್ಲಿ ನಿಂತರು. ಅವರಿಗೂ ಕಷ್ಟವಿತ್ತು. ಕೊಯ್ಯಬೇಕಾದ ಕಲ್ಲು ಅಂಗಳದಲ್ಲಿ ಬಿದ್ದಿತ್ತು, ಕೊಂಡವರ ಫೋನು ನಿಲ್ಲುತ್ತಿರಲಿಲ್ಲ. "ಮಲ್ಲಣ್ಣಾರ, ನಿಮ್ಮ ದೀಪಾ ನೋಡಿ ನೋಡಿ ನನಗ ಸಾಕಾಗೇತಿ. ಮೋಟರ್ ಯಾವಾಗ ಹಚ್ಚತೀರಿ?"

"ಇನ್ನೊಂದೀಟು ನೋಡ್ತೇನ್ರಿ."

"ಏನ್ ನೋಡೂದೈತ್ರಿ? ಒತ್ತಿದ್ರ ಆರತೈತಿ, ಒತ್ತಿದ್ರ ಆರತೈತಿ. ಆತು ಅಂತ ಬಾಯಿಬಿಟ್ಟು ಒಂದು ಮಾತು ಹೇಳ್ರಿ, ಇವತ್ತ ಶುರು ಮಾಡೂನು."

ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ಕಾರಣವೂ ಇರಲಿಲ್ಲ. ಬೀಗ ಹಾಕಿದ ಮೇಲೂ ಜಗ್ಗಿ ನೋಡುವ ರೋಗ ಇದು ಎಂದು ನನಗೇ ಅನಿಸತೊಡಗಿತ್ತು. ಸಾಹುಕಾರರು ತಲೆಯಾಡಿಸಿ ಹೋದರು. ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಬೆಣೆ ಕೆತ್ತುತ್ತಿದ್ದ ಬೀರಪ್ಪ ಎದ್ದು ಬಂದು ನನ್ನ ರಟ್ಟೆ ಹಿಡಿದ. "ಬರ್ರಿ ಸರ, ಚಾ ಕುಡ್ಯೂನು. ಅದೂ ಒಂದೀಟು ದಣಿವಾರಿಸಿಕೊಳ್ಳಲಿ."

ಅಷ್ಟು ದಿನಗಳಲ್ಲಿ ಮೊದಲ ಸಲ ಗುಂಡಿ ಬಿಟ್ಟು ಎದ್ದೆ. ಗೇಟಿನ ಹೊರಗಿನ ಡಬ್ಬಿ ಅಂಗಡಿಯಲ್ಲಿ ಎಲ್ಲರ ಜೊತೆ ಚಹಾ ಕುಡಿದು, ಮಂಡಕ್ಕಿ ತಿಂದು ತಿರುಗಿ ಬಂದೆ. ಬಂದವನೇ ಗುಂಡಿ ಒತ್ತಿದೆ.

ದೀಪ ಆರಲಿಲ್ಲ. ಒಂದು ರೆಪ್ಪೆ ಬಡಿಯುವಷ್ಟು, ಬೇಕಾದರೆ ಎರಡು ಎನ್ನಿ, ಉರಿಯುತ್ತಲೇ ಇತ್ತು. ಆಮೇಲೆ ಆರಿತು. ಮತ್ತೆ ಒತ್ತಿದೆ, ತಟ್ಟನೆ ಆರಿತು. ಮತ್ತೆ ಮತ್ತೆ ಒತ್ತಿದೆ. ಪ್ರತಿ ಸಲವೂ ತಟ್ಟನೆಯೇ ಆರಿತು.

ಬೀರಪ್ಪ ಕೈ ತೊಳೆಯುತ್ತಿದ್ದ, ಅವನು ನೋಡಿರಲಿಲ್ಲ. ನೋಡಿದವನು ನಾನೊಬ್ಬನೇ. ಆ ರೆಪ್ಪೆ ಬಡಿಯುವಷ್ಟರಲ್ಲಿ ಗಾಡಿ ಎಷ್ಟು ಮುಂದೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಅಂಗೈ ಅಗಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಸಾಹುಕಾರರಿಗೆ ಹೇಳಿದರೆ, "ದಿನಾ ಅದನ್ನ ನೋಡಿ ನೋಡಿ ಕಣ್ಣಿಗೆ ಭ್ರಮಿ ಆಗೇತಿ" ಎಂದರು. ಸಿಟ್ಟಿನಿಂದಲ್ಲ, ಕನಿಕರದಿಂದ ಎಂದರು. ಅದು ಇನ್ನೂ ಹೆಚ್ಚು ಚುಚ್ಚಿತು.

ಭ್ರಮೆಯಲ್ಲ ಎಂದು ತೋರಿಸಲು ಒಂದೇ ದಾರಿಯಿತ್ತು. ನಾನು ಸುಮ್ಮನೆ ಕೂರಬೇಕು. ಆ ವಾರದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಗುಂಡಿ ಮುಟ್ಟದೆ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಮರುದಿನ ಚಹಾದ ಹೊತ್ತು ಕಳೆದ ಮೇಲೆ ಸಾಹುಕಾರರನ್ನೂ ಬೀರಪ್ಪನನ್ನೂ ನಿಲ್ಲಿಸಿಕೊಂಡು ಒತ್ತಿದೆ. ದೀಪ ಉರಿಯುತ್ತಲೇ ಇತ್ತು, ಆಮೇಲೆ ಆರಿತು. ಸಾಹುಕಾರರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಬೀರಪ್ಪ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನೇ ಕಟ್ಟಿದ ಮನೆ, ಯಾವ ಮೂಲೆಯಲ್ಲಿ ಏನಿದೆ ಎಂದು ಗೊತ್ತಿತ್ತು. ಮೆಮೊರಿ ಸಾಲದೆ ಹೋದರೆ, ನಿದ್ದೆ ಮಾಡುತ್ತಿರುವ ಪ್ರೋಗ್ರಾಮನ್ನು ಎತ್ತಿ ಡಿಸ್ಕಿನ ಮೇಲೆ ಇಡಲೆಂದು ಒಂದು ಜಾಗ ಬಿಡುವ ಪದ್ಧತಿಯಿದೆ. ಅದಕ್ಕೆ ಸ್ವಾಪ್ ಎನ್ನುತ್ತಾರೆ. ಬಿಟ್ಟರೆ ಒಳ್ಳೆಯದೆಂದು ಕೈಪಿಡಿ ಹೇಳಿತ್ತು, ಜಾಗರೂಕ ಮನುಷ್ಯನಾದ ನಾನು ಬಿಟ್ಟಿದ್ದೆ. ಗುಂಡಿಯನ್ನು ಕಾಯುವುದಕ್ಕೇ ಒಂದು ಸಣ್ಣ ಪ್ರೋಗ್ರಾಂ ಇದೆ. ಗುಂಡಿ ಒತ್ತುವವರೆಗೂ ಅದು ನಿದ್ದೆಯಲ್ಲಿರುತ್ತದೆ. ಇನ್ನು ಕಚೇರಿಗೆ ದಿನದ ಕೊಯ್ತದ ವರದಿ ತಯಾರಿಸುವ ಪ್ರೋಗ್ರಾಂ, ಅದು ಬಕಾಸುರ, ಮೆಮೊರಿಯನ್ನೆಲ್ಲ ನುಂಗುತ್ತದೆ. ಯಂತ್ರ ಓಡುವಾಗ ತೊಂದರೆಯಾಗದಿರಲಿ ಎಂದು ನಾನೇ ಅದನ್ನು ಚಹಾದ ಹೊತ್ತಿಗೆ ಇಟ್ಟಿದ್ದೆ. ಎಲ್ಲರೂ ಚಹಾ ಕುಡಿಯುವಾಗ ಆ ಬಕಾಸುರ ಏಳುತ್ತಿತ್ತು, ಮಲಗಿದ್ದ ಕಾವಲುಗಾರನನ್ನು ಸಿಸ್ಟಮ್ ಎತ್ತಿ ಡಿಸ್ಕಿಗೆ ಹಾಕುತ್ತಿತ್ತು. ಆಮೇಲೆ ಮೊದಲ ಸಲ ಗುಂಡಿ ಒತ್ತಿದಾಗ ಅವನನ್ನು ಅಲ್ಲಿಂದ ಕರೆತರುವಷ್ಟು ಹೊತ್ತು ಬ್ಲೇಡು ಮುಂದೆ ಬರುತ್ತಿತ್ತು. ನಾನು ಗಾಬರಿಯಿಂದ ಬಿಡದೆ ಒತ್ತುತ್ತಿದ್ದಷ್ಟು ದಿನ ಅವನು ಮಲಗಿರಲೇ ಇಲ್ಲ. ನನ್ನ ಅಂಜಿಕೆಯೇ ದೋಷವನ್ನು ಮುಚ್ಚಿಟ್ಟಿತ್ತು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ನೀವು ಕೆಲಸ ಮಾಡುವ ರೀತಿಯಲ್ಲಿ ಪರೀಕ್ಷೆ ಮಾಡಬೇಡಿ, ಅದನ್ನು ಬಳಸುವವರು ಕೆಲಸ ಮಾಡುವ ರೀತಿಯಲ್ಲಿ ಮಾಡಿ. ಅವರು ಚಹಾಕ್ಕೆ ಹೋಗುತ್ತಾರೆ.

ಸ್ವಾಪ್ ಜಾಗವನ್ನೇ ಅಳಿಸಿದೆ. ಕಾವಲು ಪ್ರೋಗ್ರಾಮನ್ನು ಮೆಮೊರಿಯಿಂದ ಯಾರೂ ಕದಲಿಸದಂತೆ ಬೀಗ ಹಾಕಿದೆ, ಆ ಬೀಗವನ್ನೂ ಜಗ್ಗಿ ನೋಡಿದೆ. ವರದಿಯ ಪ್ರೋಗ್ರಾಮನ್ನು ಕಚೇರಿಯ ಕಂಪ್ಯೂಟರಿಗೆ ಸಾಗಿಸಿದೆ. ಆಮೇಲೆ ಸಾಹುಕಾರರ ಮುಂದೆ ಹೋಗಿ ನಿಂತು, ಟೇಪು ಸುತ್ತಿಟ್ಟ ಕೆಂಪು ಗುಂಡಿಯ ಪೆಟ್ಟಿಗೆಗೆ ಮತ್ತೆ ವೈರು ಕೊಡಬೇಕು, ಅದಕ್ಕೆ ಒಳ್ಳೆಯ ಸ್ಟೆಬಿಲೈಸರ್ ತರಬೇಕು, ಇಲ್ಲದಿದ್ದರೆ ಮೋಟರ್ ಹಚ್ಚುವುದಿಲ್ಲ ಎಂದೆ. ದೀಪವನ್ನು ಕಣ್ಣಾರೆ ಕಂಡವರು ಅವರು, ತರಿಸಿಕೊಟ್ಟರು.

ನಿಜವಾದ ಕಲ್ಲು ಏರಿಸಿದ ದಿನ, ಚಹಾ ಮುಗಿಯುವವರೆಗೆ ಬೆಣೆ ಹಾಕುವುದು ಬೇಡ, ಚಹಾ ಆದಮೇಲಿನ ಮೊದಲ ಬೆಣೆ ನಾನೇ ಹಾಕುತ್ತೇನೆ ಎಂದೆ. ಕಟ್ಟಿದವನ ಕೈ ಮೊದಲು ಹೋಗಲಿ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಬೀರಪ್ಪ ನನ್ನ ಕೈಯಿಂದ ಬೆಣೆ ಕಸಿದುಕೊಂಡ. "ನಿಮಗ ಇದು ಬರಂಗಿಲ್ರಿ ಸರ. ಗಾಡಿ ನಿಂತ್ರೂ ನೀವು ಕೊಡತಿಲೆ ಬಟ್ಟ ಜಜ್ಜಿಕೋತೀರಿ." ಆಮೇಲೆ, "ಬಟನ್ ನೀವು ಒತ್ತರಿ. ಬೆಣಿ ನಾ ಹಾಕ್ತೇನಿ" ಎಂದ.

ಎಂದೂ ಯಾರಿಗೂ ಬಿಟ್ಟುಕೊಡದ ಎಡಗೈಯ ಕೆಲಸವನ್ನು ಅವನು ನನಗೆ ಕೊಟ್ಟಿದ್ದ. ನನ್ನ ಕೈಯನ್ನೇ ಬ್ಲೇಡಿನ ಮುಂದೆ ಇಡುವುದು ಅದಕ್ಕಿಂತ ಸುಲಭವಿತ್ತು. ಚಹಾ ಕುಡಿದು ಬಂದು ಯಂತ್ರ ನಡೆಸಿದೆವು. ನೀರು ಚಿಮ್ಮುತ್ತಿತ್ತು, ಬ್ಲೇಡು ಕೂಗುತ್ತಿತ್ತು, ಗಾಡಿ ಅವನ ಕಡೆಗೇ ಬರುತ್ತಿತ್ತು. ಅವನು ಎಂದಿನಂತೆ ಕಲ್ಲನ್ನೇ ನೋಡುತ್ತಿದ್ದ. "ಹೂಂ" ಎಂದ. ಒತ್ತಿದೆ. ಅವನು ನನಗಾಗಿ ಕಾಯಲಿಲ್ಲ, ಗುಂಡಿಯ ಜೊತೆಗೇ ಅವನ ಬಲಗೈ ಸೀಳಿನೊಳಕ್ಕೆ ಹೋಗಿತ್ತು. ಗಾಡಿ ಇದ್ದಲ್ಲೇ ನಿಂತಿತ್ತು. ಕೊಡತಿಯ ಪೆಟ್ಟು ಕೇಳಿಸಿತು, ಬೆಣೆ ಕೂತಿತು. ನನ್ನ ಹೆಬ್ಬೆರಳನ್ನು ಗುಂಡಿಯಿಂದ ಬಿಡಿಸಲು ಅವನೇ ಬರಬೇಕಾಯಿತು.

ಆಮೇಲೆ ನಿವೃತ್ತನಾಗುವವರೆಗೂ ಕಾರ್ಖಾನೆಗೆ ಹೋದೊಡನೆ ನಾನು ಮೊದಲು ನೋಡುತ್ತಿದ್ದುದು ಕಂಪ್ಯೂಟರನ್ನಲ್ಲ, ಬೀರಪ್ಪನ ಬಲಗೈಯನ್ನು. ಕದ್ದು ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊನೆಯ ದಿನ ಶಾಲು, ಹಾರ, ಭಾಷಣ ಎಲ್ಲ ಮುಗಿದು ಜನ ಚಹಾದ ಕಡೆ ತಿರುಗಿದಾಗ ಅವನು ನನ್ನ ಹತ್ತಿರ ಬಂದ. ಕೈ ಮುಗಿಯಲಿಲ್ಲ. ಕಲ್ಲಿನ ಕೆಂಪು ಹತ್ತಿದ ಬಲಗೈಯನ್ನು ಬೆರಳು ಬಿಡಿಸಿ ನನ್ನ ಮುಂದೆ ಹಿಡಿದ.

"ಎಣಿಸಿ ಬಿಡ್ರಿ ಸರ," ಎಂದ, "ಎಲ್ಲಾ ಅದಾವ."